ನನ್ನ ಪೇಪರಿಗೆ ಏರಿದ ಬೆಲೆ, ಎದುರಂಗಡಿಯ ಟ್ಯಾಬಿಗೆ ಅರ್ಧ ಬೆಲೆ

ಪತ್ರಿಕೆಯ ಪ್ರಸರಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ಕಾಗದದ ಪತ್ರಿಕೆಯ ಬೆಲೆ ಏರಿಸಿದಿರಿ. ಅದೇ ಪತ್ರಿಕೆಯನ್ನು ಟ್ಯಾಬಿನಲ್ಲಿ ಓದುವವರಿಗೆ ಅರ್ಧ ಬೆಲೆಗೆ ಕೊಟ್ಟಿರಿ. ಸಾಲದ್ದಕ್ಕೆ ಆ ಟ್ಯಾಬನ್ನು ತಂದು ನನ್ನ ಎದುರಂಗಡಿಯಲ್ಲೇ ಇಟ್ಟಿರಿ. ಈ ಪತ್ರವನ್ನು ತಾವು ದರನೀತಿಯ ಬಗೆಗಿನ ಗಂಭೀರ ಟೀಕೆಯೆಂದು ಭಾವಿಸಿದರೆ ನನಗೆ ಸಂತೋಷವೇ. ಆದರೆ ಸುಳ್ಳೇಕೆ ಹೇಳಲಿ, ಇದು ಅಪ್ಪಟ ಹೊಟ್ಟೆಕಿಚ್ಚು.

ನನ್ನದು ಕ್ಷೌರದಂಗಡಿ. ಎದುರಿನದೂ ಕ್ಷೌರದಂಗಡಿಯೇ, ಅದರ ಯಜಮಾನ ನನ್ನ ಸ್ವಂತ ತಮ್ಮ. ಇಬ್ಬರೂ ಅಪ್ಪನ ಕೈಕೆಳಗೆ ಕತ್ತರಿ ಹಿಡಿದವರು. ಅಪ್ಪ ತೀರಿಕೊಂಡ ಮೇಲೆ ಅವನು ರಸ್ತೆ ದಾಟಿದ, ನಾನು ಇಲ್ಲೇ ಉಳಿದೆ. ಅವನ ಕುರ್ಚಿಗಳು ಹಿಂದಕ್ಕೆ ಬಾಗುತ್ತವೆ, ನನ್ನವು ಕಿರುಗುಟ್ಟುತ್ತವೆ. ಅವನಲ್ಲಿ ತಣ್ಣನೆ ಗಾಳಿಯ ಯಂತ್ರವಿದೆ, ನನ್ನಲ್ಲಿ ಕಿಟಕಿಯಿದೆ. ಇದನ್ನೆಲ್ಲ ನಾನು ಹೇಗೋ ನುಂಗಿಕೊಂಡಿದ್ದೆ. ಏಕೆಂದರೆ ಅವನಲ್ಲಿ ಇಲ್ಲದ್ದೊಂದು ನನ್ನಲ್ಲಿತ್ತು. ಅದು ತಮ್ಮ ಪತ್ರಿಕೆ.

ತಮ್ಮ ಲೆಕ್ಕದಲ್ಲಿ ಅದು ಒಂದು ಪ್ರತಿ. ನನ್ನ ಬೆಂಚಿನ ಮೇಲೆ ಬಿದ್ದ ಕೂಡಲೇ ಅದು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮುಖಪುಟ ನಿವೃತ್ತ ಗುಮಾಸ್ತರಿಗೆ, ಆಟದ ಪುಟ ಬಸ್ ಡ್ರೈವರಿಗೆ, ಜಾಹೀರಾತಿನ ಪುಟ ಮನೆ ತೋರಿಸುವ ದಲ್ಲಾಳಿಗೆ. ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತವನಿಗೆ ಇವರೆಲ್ಲರ ಜಗಳ. ಕೂದಲು ಬೆಳೆಯದಿದ್ದರೂ ಜನ ಬರುತ್ತಿದ್ದರು. ಬಂದ ಮೇಲೆ ಸುಮ್ಮನೆ ಎದ್ದು ಹೋಗಲು ನಾಚಿಕೆಯಾಗಿ ಮೀಸೆಯನ್ನಾದರೂ ಸರಿ ಮಾಡಿಸಿಕೊಳ್ಳುತ್ತಿದ್ದರು. ನನ್ನ ಸಂಸಾರ ನಡೆದದ್ದು ಆ ನಾಚಿಕೆಯಿಂದ.

ಹೀಗಿರುವಾಗ ತಮ್ಮ ಪ್ರತಿನಿಧಿಯೊಬ್ಬರು ಟ್ಯಾಬು ಹಿಡಿದು ಬಂದರು.

"ಯಜಮಾನ್ರೇ, ಇನ್ನು ಮುಂದೆ ಪೇಪರ್ ಯಾರು ಓದ್ತಾರೆ? ಇದರಲ್ಲಿ ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡ್ಕೋಬಹುದು. ಬೆಲೆನೂ ಅರ್ಧ."

"ಇದನ್ನ ಬಿಚ್ಚಿ ನಾಲ್ಕು ಜನಕ್ಕೆ ಹಂಚೋಕಾಗುತ್ತಾ?" ಎಂದೆ.

ಅವರು ನಕ್ಕು ರಸ್ತೆ ದಾಟಿದರು.

ಮೊದಲು ಹೋದವರು ಗುಮಾಸ್ತರು. ಅವರಿಗೆ ಕಣ್ಣು ಮಂಜು, ದೊಡ್ಡ ಅಕ್ಷರ ಸಿಕ್ಕರೆ ಯಾರು ಬಿಡುತ್ತಾರೆ? ಅವರ ಹಿಂದೆ ಡ್ರೈವರ್ ಹೋದರು. ನನ್ನ ಗೋಡೆಯ ಕನ್ನಡಿಯಲ್ಲಿ ತಮ್ಮನ ಅಂಗಡಿ ಪೂರ್ತಿ ಕಾಣುತ್ತದೆ. ನನ್ನ ಕೈ ಯಾರ ಗದ್ದ ಹಿಡಿದಿದ್ದರೂ ಕಣ್ಣು ಅಲ್ಲೇ. ಯಾರು ಬಂದರು, ಯಾರು ನಕ್ಕರು, ಆ ಹಾಳು ಟ್ಯಾಬು ಈಗ ಯಾರ ತೊಡೆಯ ಮೇಲಿದೆ.

"ನನ್ನ ತಲೆ ಇಲ್ಲಿದೆ. ನೀವು ಎಲ್ಲಿ ನೋಡ್ತಿದ್ದೀರಿ?" ಎಂದು ಒಂದು ದಿನ ದಲ್ಲಾಳಿ ಕೇಳಿದರು. ಅಷ್ಟರಲ್ಲಿ ಅವರ ಒಂದು ಬದಿಯ ಕೃತಾವು ಇನ್ನೊಂದರ ಅರ್ಧಕ್ಕೆ ಬಂದಿತ್ತು. ಮರುದಿನ ಅವರೂ ಕನ್ನಡಿಯೊಳಗೆ ಕೂತಿದ್ದರು.

"ಆ ಕನ್ನಡಿಗೊಂದು ಬಟ್ಟೆ ಮುಚ್ಚಿ. ಇಲ್ಲಾಂದ್ರೆ ಯಾರದಾದ್ರೂ ಕತ್ತು ಕುಯ್ತೀರಿ," ಎಂದಳು ಹೆಂಡತಿ.

ಬಟ್ಟೆ ಮುಚ್ಚಲಿಲ್ಲ. ನೋಡದಿದ್ದರೆ ಇನ್ನೂ ಸಂಕಟ.

ಆಮೇಲೆ ತಾವೇ ನನ್ನ ಸಹಾಯಕ್ಕೆ ಬಂದಿರಿ. ಪರಿಚಯಕ್ಕೆಂದು ಕೊಟ್ಟ ಅರ್ಧ ಬೆಲೆಯ ಅವಧಿ ಮುಗಿಯಿತೆಂದು ಟ್ಯಾಬಿಗೆ ಬೀಗ ಹಾಕಿದಿರಿ. ಒಂದು ಖಾತೆಗೆ ಒಬ್ಬನೇ ಓದುಗನಂತೆ, ಅಂಗಡಿಯಲ್ಲಿಟ್ಟು ಹಲವರಿಗೆ ಓದಿಸಬೇಕಾದರೆ ಬೇರೆಯೇ ದರವಂತೆ, ಆ ದರ ಕಾಗದದ ಪತ್ರಿಕೆಗಿಂತ ಮೂರು ಪಟ್ಟಂತೆ. ಓದುಗರನ್ನು ಮೊದಲು ಸಕ್ಕರೆ ಹಾಕಿ ಕರೆದು ಆಮೇಲೆ ಬಾಗಿಲಲ್ಲಿ ಟಿಕೆಟ್ ಕೇಳುವುದಕ್ಕೆ ಆಧುನಿಕತೆ ಎಂಬ ಹೆಸರಿಟ್ಟವರು ಯಾರು, ಮಾನ್ಯರೇ?

ಅಂದು ನನ್ನ ತಮ್ಮನೇ ನನ್ನ ಬಾಗಿಲಿಗೆ ಬಂದ. ರಸ್ತೆ ದಾಟಿ ಹೋದವನು ತಿರುಗಿ ಬಂದದ್ದು ಅದೇ ಮೊದಲು.

"ಅಣ್ಣ, ಒಂದು ಹಾಳೆ ಕೊಡ್ತೀಯಾ? ಜನ ಸುಮ್ನೆ ಗೋಡೆ ನೋಡ್ತಾ ಕೂತಿದ್ದಾರೆ."

ಕರುಳು ಚುರುಕ್ಕೆಂದಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾಗಿ ನನಗೆ ಹೊಟ್ಟೆ ತುಂಬ ಉಂಡಂತಾಯಿತು. ಹುಡುಕಿ ಹುಡುಕಿ ಬರೀ ಟೆಂಡರು ಪ್ರಕಟಣೆಗಳಿದ್ದ ಹಾಳೆಯನ್ನೇ ಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದನ್ನ ಓದಿದ್ರೆ ಇರೋ ಗಿರಾಕಿಗಳೂ ಓಡಿಹೋಗ್ತಾರೆ," ಎಂದು ನಕ್ಕು, ಕಿರುಗುಟ್ಟುವ ಕುರ್ಚಿಯಲ್ಲಿ ಕೂತ. ನನಗೂ ನಗು ಬಂತು. ಎಷ್ಟೋ ಕಾಲದ ಮೇಲೆ ಒಟ್ಟಿಗೆ ಚಹಾ ಕುಡಿದೆವು. ಒಂದೇ ಪೇಪರನ್ನು ಎರಡು ಅಂಗಡಿಗೂ ಹಂಚಿಕೊಳ್ಳೋಣವೆಂದ. ಒಪ್ಪಿದೆ.

ಆ ವಾರವೇ ಪತ್ರಿಕೆ ನಿಂತಿತು. ಏಜೆಂಟರನ್ನು ಕೇಳಿದರೆ, "ಈ ಬೀದಿಗೆ ಉಳಿದಿರೋದು ನಿಮ್ಮದೊಂದೇ ಕಾಪಿ. ಒಂದು ಕಾಪಿಗೋಸ್ಕರ ಈ ಕಡೆ ಬರಬೇಡಿ ಅಂತ ಆಫೀಸಿಂದ ಹೇಳಿದ್ದಾರೆ," ಎಂದರು.

ಒಂದೇ ಕಾಪಿ, ನಿಜ. ಆದರೆ ಬೆಂಚನ್ನು ಎಣಿಸಿದಿರಾ? ಆ ಒಂದು ಕಾಪಿಯ ಸುತ್ತ ಬಾಯಿ ಮಾಡುತ್ತಿದ್ದವರು ತಮ್ಮ ಓದುಗರಲ್ಲವೇ? ಪೇಪರನ್ನು ದುಬಾರಿ ಮಾಡಿ ಜನರನ್ನು ಟ್ಯಾಬಿಗೆ ಅಟ್ಟಿದವರು ತಾವು, ಟ್ಯಾಬಿಗೆ ಬೀಗ ಜಡಿದವರೂ ತಾವು, ಈಗ ಬೀದಿಯಲ್ಲಿ ಓದುಗರೇ ಇಲ್ಲವೆನ್ನುವವರೂ ತಾವೇ. ಈಗ ಎರಡೂ ಅಂಗಡಿಗಳಲ್ಲಿ ಗಿರಾಕಿಗಳು ತಂತಮ್ಮ ಫೋನು ನೋಡುತ್ತ ಕೂರುತ್ತಾರೆ. ಯಾರೂ ಯಾರೊಡನೆಯೂ ಜಗಳವಾಡುವುದಿಲ್ಲ. ಕೆಲಸ ಮುಗಿದರೆ ಹೊರಡುತ್ತಾರೆ.

ಆದ್ದರಿಂದ ನನ್ನ ಆಗ್ರಹವಿಷ್ಟು. ನಮ್ಮ ಬೀದಿಗೆ ಪತ್ರಿಕೆ ಮತ್ತೆ ಬರಬೇಕು. ಟ್ಯಾಬಿನವರಿಗೂ ಕಾಗದದವರಿಗೂ ನ್ಯಾಯವಾದ ಒಂದೇ ದರವಿರಬೇಕು. ಒಂದು ಕಾಪಿಗೆ ಬರಲಾಗದಿದ್ದರೆ ಎರಡು ಕಳಿಸಿ, ತಮ್ಮನೂ ದುಡ್ಡು ಕೊಡಲು ಸಿದ್ಧನಿದ್ದಾನೆ. ಹೇಗೂ ಹಂಚಿಕೊಳ್ಳುವ ಮಾತು ಮುರಿದುಬಿದ್ದಿದೆ: ಮುಖಪುಟ ಹಿರಿಯವನಾದ ನನಗೆ ಸಲ್ಲಬೇಕೆಂದು ನಾನು, ದೊಡ್ಡ ಅಂಗಡಿಯ ತನಗೆ ಸಲ್ಲಬೇಕೆಂದು ಅವನು.

ಎರಡು ಕಾಪಿ ಬಂದ ದಿನ, ಹಂಚುವವರು ಮೊದಲು ನನ್ನ ಬಾಗಿಲಿಗೆ ಹಾಕಿ, ಆಮೇಲೆ ರಸ್ತೆ ದಾಟಲಿ. ಇದೊಂದನ್ನು ದಯವಿಟ್ಟು ಬರಹದಲ್ಲಿ ಆದೇಶಿಸಿ.

ಇಂತಿ,
ಸುದ್ದಿಯೂ ಇಲ್ಲದ, ಸದ್ದೂ ಇಲ್ಲದ ಅಂಗಡಿಯಿಂದ,
ಹೊಟ್ಟೆಕಿಚ್ಚು ಇನ್ನೂ ಆರದ ತಮ್ಮ ಹಳೆಯ ಚಂದಾದಾರ