ಎರಡು ಕಿಲೋ ಪಾಪ

ಕುಸ್ಕೊ, ಪೆರು

ದೊಡ್ಡಪ್ಪ, ನಿಮಗೂ ದೊಡ್ಡಮ್ಮನಿಗೂ ಇಂಪನಾಳ ನಮಸ್ಕಾರ.

ಆಲೂಗಡ್ಡೆ ಬೇಸಾಯದ ತರಬೇತಿಗೆ ಬಂದವಳಿಗೆ ಇಲ್ಲೂ ನಿಮ್ಮ ಛಂದಸ್ಸಿನ ಪಾಠ ತಪ್ಪಲಿಲ್ಲ. ಸ್ಪ್ಯಾನಿಷಿನಲ್ಲಿ ಆಲೂಗಡ್ಡೆಗೆ ‘ಪಾಪ’ ಎನ್ನುತ್ತಾರೆ. ಸಂತೆಯಲ್ಲಿ ಎರಡು ಕಿಲೋ ಪಾಪ ಕೇಳಲು ನನಗೆ ಬಾಯೇ ಬರಲಿಲ್ಲ. ಕೊನೆಯನ್ನು ಎಳೆದು ‘ಪಪಾ’ ಎಂದೆ. ಅಂಗಡಿಯಾಕೆ ಒಳಗಿದ್ದ ಮುದುಕರನ್ನು ಕರೆದು, “ಇವರೇ ನಮ್ಮಪ್ಪ. ಎರಡು ಕಿಲೋ ಕೊಡೋಕಾಗಲ್ಲ, ಇಡಿಯಾಗಿ ಕರ್ಕೊಂಡು ಹೋಗಿ” ಎಂದಳು. ಒತ್ತು ಕೊನೆಗೆ ಬಿದ್ದರೆ ಅರ್ಥ ಅಪ್ಪ.

ಆಮೇಲೆ ಅವಳೇ ಚೀಲದ ಮೇಲೆ ಪದವನ್ನು ಬರೆದು ಎರಡು ತುಂಡು ಮಾಡಿದಳು. ಸ್ವರದಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ. ಕೊನೆಗೇ ಬೇಕಿದ್ದರೆ ಆ ಅಕ್ಷರದ ತಲೆಯ ಮೇಲೊಂದು ಗೆರೆ. ನಾನು ನಿಮ್ಮ ಗುರು-ಲಘು ಗುರುತು ಹಾಕಿಕೊಂಡೆ. “ಎಲ್ಲಿ ಎಳೀಬೇಕೋ ಅಲ್ಲೇ ಎಳಿ ಮಾರಾಯ್ತಿ” ಎಂದು ನೀವು ಹೊಳೆಹೊನ್ನೂರು ಶಾಲೆಯಲ್ಲಿ ಕಿವಿ ಹಿಂಡಿದ್ದು ನೆನಪಾಯಿತು.

ಎತ್ತರದ ಊರು, ಮೊದಲ ವಾರ ತಲೆನೋವಿತ್ತು, ಈಗ ಇಲ್ಲ. ಎರಡು ಹೊತ್ತೂ ಪಾಪ ಮಾಡಿ, ತಿಂದು, ದಪ್ಪಗಾಗಿದ್ದೇನೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಪೋಸ್ಟ್‌ಮ್ಯಾನ್ ಇದನ್ನು ನಿಮಗಿಂತ ಮೊದಲೇ ಅರ್ಧ ಓದಿರುತ್ತಾನೆ. ಊರಲ್ಲಿ, ನಿಮ್ಮ ಓಲ್ಡ್ ಟೌನಿನಲ್ಲಿ, ಯಾರಾದರೂ “ನಿಮ್ಮ ಹುಡುಗಿ ಅಲ್ಲಿ ಪಾಪ ಮಾಡ್ತಿದ್ದಾಳಂತೆ” ಎಂದರೆ, “ಹೌದು, ಸಿಪ್ಪೆ ಸುಲಿದೇ ಮಾಡ್ತಾಳೆ” ಎನ್ನಿ.