ಒರಟು ಬೆಳ್ಳಿಯ ಬಿಲ್ಲೆ

ಅತ್ತಿಗೆ,

ನಾನು ಉಜ್ಜಿದ ಪಾತ್ರೆಯಲ್ಲಿ ಜಿಡ್ಡು ಹಾಗೇ ಇರುತ್ತದೆಂದು ಗೊಣಗುತ್ತೀರಲ್ಲ, ಈ ಸುದ್ದಿ ನಿಮಗೇ. ಅಂಗಿಯ ಗುಂಡಿಯಷ್ಟಿರುವ ಬೆಳ್ಳಿಯ ಎಲೆಕ್ಟ್ರೋಡನ್ನು ಉಪ್ಪುನೀರಿನಲ್ಲಿಟ್ಟು, ಕರೆಂಟು ಕೊಟ್ಟು, ಅದಕ್ಕೆ ಅಂಟಿಕೊಳ್ಳುವ ಅಯಾನುಗಳನ್ನು ಲೇಸರ್ ಬೆಳಕಿನಲ್ಲಿ ಪತ್ತೆ ಹಚ್ಚುವುದು ಇಲ್ಲಿ ಲ್ಯಾಬಿನಲ್ಲಿ ನನ್ನ ಕೆಲಸ. ನಿಮ್ಮನ್ನೇ ನೆನೆದುಕೊಂಡು ಆ ಬಿಲ್ಲೆಯನ್ನು ಮುಖ ಕಾಣುವಷ್ಟು ಉಜ್ಜಿದೆ. ಅಯಾನು ಸಿಕ್ಕರೆ ಪರದೆಯ ಮೇಲಿನ ಗೆರೆ ಮೇಲೇಳಬೇಕು, ಆದರೆ ಬಂದದ್ದು ಬರೀ ಸಪಾಟು ಗೆರೆ! ಸಂಜೆಗೆ ಲೇಸರ್ ಯಂತ್ರ ಬೇರೆಯವರ ಪಾಲಾಗಲಿತ್ತು, ನನಗೆ ಅಳುವೇ ಬಂತು. ಅಷ್ಟರಲ್ಲಿ ನಮ್ಮ ಪ್ರೊಫೆಸರು ಇಣುಕಿ ನೋಡಿ ನಕ್ಕರು.

"ಇಷ್ಟು ನುಣ್ಣಗೆ ಮಾಡಿದ್ರೆ ಏನಮ್ಮಾ ಕಾಣುತ್ತೆ? ಒರಟಾಗಿದ್ರೇನೇ ಬೆಳ್ಳಿ ಬಾಯಿ ಬಿಡೋದು."

ಕರೆಂಟನ್ನು ಹಿಂದೆ ಮುಂದೆ ಹರಿಸಿ, ಬಿಲ್ಲೆಯನ್ನು ಒರಟು ಮಾಡಿ ಮತ್ತೆ ಬೆಳಕು ಬಿಟ್ಟೆವು. ಗೆರೆ ಗೋಪುರದಂತೆ ಎದ್ದು ನಿಂತಿತು! "ಬಂತು, ಬಂತು!" ಎಂದು ನಾನು ಕಿರುಚಿದ್ದಕ್ಕೆ, ಏನೋ ಒಡೆದುಹೋಯಿತೆಂದು ಪಕ್ಕದ ಕೋಣೆಯವರು ಓಡಿ ಬಂದರು. ಎಲ್ಲರೂ ಕೈ ಕುಲುಕಿದರು. ನಿಮಗೆ ಹೇಳುವವರೆಗೆ ನನಗೆ ಮಾತ್ರ ಸಮಾಧಾನವಿಲ್ಲ.

ಕೆಮ್ಮು ವಾಸಿಯಾಗಿದೆ, ಲೇಸರಿಗೆಂದು ಹಾಕುವ ಕನ್ನಡಕ ಕಿವಿ ಒತ್ತುತ್ತದೆ, ಅಷ್ಟೇ. ಅಣ್ಣನಿಗೆ ಇದನ್ನು ಓದಿ ಹೇಳುವಾಗ ಅಳುವಿನ ಮಾತನ್ನು ನುಂಗಿಬಿಡಿ, ಇಲ್ಲದಿದ್ದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾನೆ. ಕಾರ್ಡು ತುಂಬಿತು.

ನಿಮ್ಮ ನಾದಿನಿ