ಶಾಂತವ್ವನ ದನಿ ಕದ್ದವನು

ಮುದೇನಕೊಪ್ಪ ಸಂತೆಪೇಟೆ
ಇಸವಿ ಎರಡು ಸಾವಿರದ ಮುನ್ನೂರ ಹದಿನೇಳು, ಫೆಬ್ರವರಿ ಮೂವತ್ತು

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಫೆಬ್ರವರಿ ಒಂದಕ್ಕೇ ಯಾಕೆ ದಿನ ಕಡಿಮೆ ಎಂದು ನಮ್ಮ ಮುತ್ತಾತಂದಿರು ಕನಿಕರಪಟ್ಟು ಅದಕ್ಕೂ ಮೂವತ್ತು ದಿನ ಕೊಟ್ಟರು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಮಾತುಗಳು ನಮ್ಮ ತನಕ ಬರುವಷ್ಟರಲ್ಲಿ ಸವೆದಿದ್ದವು, ಹೊಸದು ಕಟ್ಟಿಕೊಂಡೆವು.

ಯಾರ ಮೈಮೇಲೂ ಕೈ ಮಾಡದೆ ಕದ್ದವನನ್ನೂ ನೀವು ಗೋಡೆಯೊಳಗೆ ಕೂಡಿಹಾಕುತ್ತಿದ್ದಿರಂತೆ. ನಮ್ಮಲ್ಲಿ ಅಂಥವರಿಗೆ ಬಯಲುಶಿಕ್ಷೆ. ಅಂದರೆ, ಮಾಡಿದ ಮೋಸವನ್ನು ನಾಲ್ಕು ಜನರ ಎದುರಿಗೆ ಮತ್ತೆ ಮಾಡಿ ತೋರಿಸಬೇಕು. ತೂಕಗಳ್ಳ ಸಂತೆಯಲ್ಲಿ ತಕ್ಕಡಿ ಹಿಡಿದು ನಿಲ್ಲುತ್ತಾನೆ. ಅವನ ಬೆರಳು ಎಲ್ಲಿ ಒತ್ತುತ್ತಿದೆ ಎಂದು ಹೆಂಗಸರು ಹುಡುಕುತ್ತಾರೆ. ಊರ ಕಾಲುವೆಯನ್ನು ಕದ್ದು ತಿರುಗಿಸಿಕೊಂಡ ನೀರುಗಳ್ಳನಿಗೆ ಮಾತ್ರ ಬೇರೆ ಕೆಲಸ: ಸುಗ್ಗಿಯವರೆಗೆ ಎಲ್ಲರ ಹೊಲಕ್ಕೂ ನೀರು ಬಿಡುವುದು, ತನ್ನದಕ್ಕೆ ಕೊನೆಯಲ್ಲಿ. ಬಯಲುಶಿಕ್ಷೆಗೆ ತಿಂಗಳು, ವರ್ಷಗಳ ಲೆಕ್ಕವಿಲ್ಲ. ಮೋಸಹೋದವರು ಯಾವತ್ತು ಮತ್ತೆ ಮೋಸಹೋಗದೆ ಕಳ್ಳನನ್ನು ಹಿಡಿಯುತ್ತಾರೋ ಅವತ್ತು ಬಿಡುಗಡೆ. ಅಲ್ಲಿಯವರೆಗೆ ಅವನು ಊರು ಬಿಡುವಂತಿಲ್ಲ.

ಈ ಕಾನೂನು ನಮ್ಮ ನೀಲವ್ವನ ಮುಂದೆ ಸೋತದ್ದನ್ನು ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಹಾಲೇಶ ದನಿಗಳ್ಳ. ಒಮ್ಮೆ ಕೇಳಿದ ದನಿಯನ್ನು ಹಾಗೇ ತೆಗೆಯುತ್ತಿದ್ದ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ನೀಲವ್ವನಿಗೆ ದೂರದೂರಿನ ಅವಳ ಅಕ್ಕ ಶಾಂತವ್ವನ ದನಿಯಲ್ಲಿ ದೂರೋಲೆ ಮಾಡಿದ. ದೂರೋಲೆ ಎಂದರೆ ನಿಮ್ಮ ಫೋನಿನ ಮರಿಮಗ ಅನ್ನಿ. ಬೀಜದ ಮೆಣಸಿನಕಾಯಿಯ ಚೀಲವನ್ನು ಆಳಿನ ಕೈಲಿ ಕೊಟ್ಟು ಕಳಿಸೆಂದು ಬಲು ನಯವಾಗಿ ಕೇಳಿದ. ಅಕ್ಕ ಬೈಯದೆ ಮಾತಾಡಿದ್ದು ಜೀವಮಾನದಲ್ಲೇ ಮೊದಲು ಎಂಬ ಸಂತೋಷದಲ್ಲಿ ನೀಲವ್ವ ಕೊಟ್ಟೇಬಿಟ್ಟಳು. ಆಳಾಗಿ ಬಂದವನೂ ಅವನೇ. ಆದರೆ ಮೆಣಸಿನ ಘಾಟಿಗೆ ದಾರಿಯುದ್ದಕ್ಕೂ ಸೀನುತ್ತ ಹೋಗಿ ಸಿಕ್ಕಿಬಿದ್ದ.

ವಿಚಾರಣೆ ಮುಗಿಯುವಷ್ಟರಲ್ಲಿ ಶಾಂತವ್ವ ತೀರಿಕೊಂಡಿದ್ದಳು. ಆದರೂ ಯಾವ ದನಿಯಲ್ಲಿ ಕದ್ದನೋ ಅದೇ ದನಿಯಲ್ಲಿ ತೋರಿಸಬೇಕೆಂಬುದು ನಿಯಮ. ಬಸುರಿ ಹೆಂಡತಿಯನ್ನು ತನ್ನೂರಲ್ಲಿ ಬಿಟ್ಟು ಬಂದಿದ್ದ ಹಾಲೇಶ ಪ್ರತಿ ಸಂತೆಗೂ ಪರದೆಯ ಹಿಂದೆ ಕೂತು ಚೀಲ ಕೇಳುತ್ತಿದ್ದ. ಸತ್ತವಳು ಹೇಗೆ ಕೇಳುತ್ತಾಳೆ ಎಂದು ಮಕ್ಕಳು ಕೂಡ ಕೂಗುತ್ತಿದ್ದರು. ನೀಲವ್ವ ಮಾತ್ರ ಅಕ್ಕನಿಗೆ ವಾರದ ಸುದ್ದಿಯೆಲ್ಲ ಒಪ್ಪಿಸಿ ಕೊನೆಗೆ ಚೀಲ ಕೊಡುತ್ತಿದ್ದಳು. ಈರುಳ್ಳಿ ಮಾರುವವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಹಾಲೇಶ ಇನ್ನೊಂದು ವಾರ ಉಳಿಯುತ್ತಿದ್ದ. ಅವನಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದವಳೂ ಅವಳೇ.

ಹೀಗಿರುವಾಗ ಹೆಂಡತಿ ಹೆಣ್ಣು ಹೆತ್ತ ಸುದ್ದಿ ಬಂತು. ಸಂತೆಯ ಮರುದಿನವೇ ತೊಟ್ಟಿಲು. ಈ ಸಂತೆಯಲ್ಲಿ ಸಿಕ್ಕಿಬೀಳದಿದ್ದರೆ ಮಗಳ ತೊಟ್ಟಿಲು ತೂಗುವ ಭಾಗ್ಯ ಅವನಿಗಿಲ್ಲ. ಪಾಪ, ಏನೇನೋ ಮಾಡಿದ. ತನ್ನದೇ ದನಿಯಲ್ಲಿ ಜೋರಾಗಿ ಸೀನಿದ. ನೀಲವ್ವ, ನೆಗಡಿಯೇನಕ್ಕಾ ಎಂದು ವಿಚಾರಿಸಿದಳು. ಕೊನೆಗೆ ಶಾಂತವ್ವನ ದನಿಯಲ್ಲೇ ಬೇಡಿಕೊಂಡ.

“ನೀಲೀ, ನಾಳೆ ನನ್ನ ಮಗಳ್ನ ತೊಟ್ಟಿಲಕ್ಕ ಹಾಕ್ತಾರ. ಕಳಸವ್ವಾ ನನ್ನ.”

ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಮ್ಮಕ್ಕ ಬೈಲಾರದ ಒಂದ್ ಮಾತೂ ಆಡಾಕಿ ಅಲ್ಲೋ, ಹಾಲೇಶಾ. ಮೊದಲನೇ ಸಂತಿಗೇ ಸಿಕ್ಕಿದ್ದಿ ನೀ. ನಡಿ, ಬಂಡಿ ಹೊಂಡತಾವು.”

ಚೀಲವನ್ನೂ ಅವನ ಹೆಗಲಿಗೇ ಹೊರಿಸಿ ಕಳಿಸಿದಳು, ಬಿತ್ತಿ ಬೆಳೆಯಲೆಂದು. ಈಗ ಅವನು ತನ್ನ ಹೊಲದ ಮೆಣಸಿನಕಾಯಿಯನ್ನು ನಮ್ಮ ಸಂತೆಗೇ ತಂದು, ಸೀನುತ್ತ ಮಾರುತ್ತಾನೆ. ಹೊರಡುವ ಮುಂಚೆ ಶಾಂತವ್ವನ ದನಿಯಲ್ಲಿ ನೀಲವ್ವನನ್ನು ಚೆನ್ನಾಗಿ ಬೈದು ಹೋಗುತ್ತಾನೆ. ಹೇಗೆ ಬೈಯಬೇಕೆಂದು ಅವಳೇ ಕಲಿಸಿದ್ದಾಳೆ.

ಹಿರಿಯರೇ, ಒಂದು ಕೋರಿಕೆ. ದನಿಗಳ್ಳರು ನಿಮ್ಮ ಕಾಲದಲ್ಲೇ ಹುಟ್ಟಿಕೊಂಡರಂತೆ. ಸಿಕ್ಕವನನ್ನು ಗೋಡೆಯೊಳಗೆ ನೂಕುವ ಮುಂಚೆ, ಹೇಗೆ ಮಾಡಿದೆ ತೋರಿಸಪ್ಪಾ ಎಂದು ಒಮ್ಮೆ ಕೇಳಿ. ಹಾಗೆಯೇ, ನಿಮ್ಮವರ ದನಿ ತೀರಾ ನಯವಾಗಿ ಏನಾದರೂ ಬೇಡಿದರೆ ಸ್ವಲ್ಪ ತಡೆಯಿರಿ. ಎರಡು ಬೈಗುಳ ಬೀಳಲಿ. ಆಮೇಲೆ ಚೀಲ ಕೊಡಿ.

ಇಂತಿ, ನಿಮ್ಮ ಮರಿಮಕ್ಕಳ ಮರಿಮಕ್ಕಳಲ್ಲಿ ಒಬ್ಬ,
ಗುರುಪಾದ